ಗುಲಗಂಜಿ ಭಾವನ ಎರಡು ಯಂತ್ರಗಳು

ನನ್ನ ಷಡ್ಡಕ, ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಕೂತಲ್ಲಿ ಕೂರುವ ಮನುಷ್ಯರಲ್ಲ. ಊಟಕ್ಕೆ ಕೂತರೂ ಅವರ ಒಂದು ಮೊಣಕಾಲು ಮೇಜಿನ ಕೆಳಗೆ ಕುಣಿಯುತ್ತಲೇ ಇರುತ್ತದೆ. ಎಲ್ಲರ ಲೋಟದ ನೀರೂ ಅಲುಗಾಡುತ್ತದೆ. ತೂಕದ ಯಂತ್ರಗಳ ರಿಪೇರಿ ಅವರ ಕಸುಬು. ತರಕಾರಿ ಅಂಗಡಿಯ ಸಣ್ಣ ತಕ್ಕಡಿಯಿಂದ ಹಿಡಿದು ಲಾರಿಗಳನ್ನು ತೂಗುವ ಕಬ್ಬಿಣದ ಹಾಸಿನವರೆಗೆ ಎಲ್ಲವೂ ಅವರ ಕೈಗೆ ಬರುತ್ತವೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ಹಿತ್ತಾಳೆಯ ಬಟ್ಟುಗಳಿವೆ. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ತೂಕ ಸೇರಿಕೊಳ್ಳುತ್ತದೆ ಅಂತ ಚಿಮಟದಲ್ಲಿಯೇ ಎತ್ತುತ್ತಾರೆ. "ಗುಲಗಂಜಿಯಷ್ಟೂ ಆಚೀಚೆ ಆಗಬಾರದು" ಎಂದು ದಿನಕ್ಕೆ ಹತ್ತು ಸಲ ಹೇಳುವುದರಿಂದ ಕ್ಲಬ್ಬಿನವರು ಅವರಿಗೆ ಗುಲಗಂಜಿ ಅಂತಲೇ ಹೆಸರಿಟ್ಟರು. ನನಗೆ ಅವರು ಭಾವ.

ಕ್ಲಬ್ ಅಂದರೆ ಇಸ್ಪೀಟ್ ಕ್ಲಬ್ ಅಲ್ಲ, ಗ್ಲೈಡರ್ ಕ್ಲಬ್. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಮೈದಾನದ ಆ ತುದಿಯಲ್ಲಿರುವ ವಿಂಚು ಎಂಬ ರಾಟೆಯಂತ್ರ ಹಗ್ಗ ಸುತ್ತಿ ಇದನ್ನು ಗಾಳಿಪಟದಂತೆ ಮೇಲಕ್ಕೆಳೆಯುತ್ತದೆ. ಹಗ್ಗ ಬಿಟ್ಟ ಮೇಲೆ ಬಿಸಿಲಿಗೆ ಕಾದ ನೆಲದಿಂದ ಏಳುವ ಗಾಳಿಯೇ ಗತಿ. ಅದು ಸಿಕ್ಕಲ್ಲಿ ಸುತ್ತು ಹೊಡೆದು ಏರಬೇಕು, ಏರಿದ ಎತ್ತರವನ್ನು ಖರ್ಚು ಮಾಡುತ್ತ ಮುಂದಕ್ಕೆ ಜಾರಬೇಕು. ಸಿಗದಿದ್ದರೆ ಯಾರದೋ ಹೊಲದಲ್ಲಿ ಇಳಿಯಬೇಕು. ಆಗ ಒಂಬತ್ತು ಮೀಟರ್ ಉದ್ದದ ಟ್ರೇಲರ್ ಕಟ್ಟಿಕೊಂಡು ಹೋಗಿ, ರೆಕ್ಕೆ ಬಿಚ್ಚಿ, ತುಂಬಿಕೊಂಡು ಬರುವ ಭಾಗ್ಯ ನನ್ನದು. ಅಂಥ ಟ್ರೇಲರನ್ನು ಸಲೀಸಾಗಿ ರಿವರ್ಸ್ ಹೊಡೆಯಬಲ್ಲವನು ಇಡೀ ಕುಟುಂಬದಲ್ಲಿ ನಾನೊಬ್ಬನೇ. ಡ್ರೈವಿಂಗ್ ಸ್ಕೂಲ್ ನಡೆಸುತ್ತೇನೆ. ಇಪ್ಪತ್ತೆರಡು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು, ಕಂಡವರ ಕಾಲಿನ ಬದಲು ನನ್ನ ಕಾಲಿನಿಂದ ಬ್ರೇಕ್ ಒತ್ತಿ ಒತ್ತಿ, ಕೋಪ ಮೂಗಿನ ತುದಿಗೇ ಬಂದು ಕೂತಿದೆ. ಆ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಭಾವನಿಗೆ ಜೀವನದಲ್ಲಿ ಬೇಕಾಗಿದ್ದು ಒಂದೇ. ಒಬ್ಬರೇ ಹಾರಿ, ಮುನ್ನೂರು ಕಿಲೋಮೀಟರ್ ಸುತ್ತಿ, ಹೊರಟ ಮೈದಾನಕ್ಕೇ ಬಂದು ಇಳಿಯುವುದು. ಹದಿನೇಳು ವರ್ಷದಿಂದ ಇದೇ ಕನವರಿಕೆ. ಎರಡು ಸಲ ಹೊರಟು ಎರಡು ಸಲವೂ ಅರ್ಧ ದಾರಿಯಲ್ಲಿ ಇಳಿದರು. ಎರಡನೆಯ ಸಲ ಬೇಲಿಗೆ ಬಡಿದು ತೋಳು ಮುರಿದುಕೊಂಡರು. ಎಂಟು ವಾರ ಅವರ ಅಂಗಿಯ ಗುಂಡಿ ಹಾಕಿದವಳು ಅವರ ಹೆಂಡತಿ, ನನ್ನ ಅತ್ತಿಗೆ. ಈ ವರ್ಷ ಭಾವನಿಗೆ ಅರವತ್ತು ತುಂಬುವುದಿತ್ತು. ನಮ್ಮ ಕ್ಲಬ್ಬಿನ ನಿಯಮ ಕಡ್ಡಿ ಮುರಿದ ಹಾಗಿದೆ: ಅರವತ್ತು ತುಂಬಿದವರು ಒಬ್ಬರೇ ದೂರ ಹೋಗುವ ಹಾಗಿಲ್ಲ, ಮೈದಾನದ ಕಣ್ಣಳತೆಯಲ್ಲೇ ಸುತ್ತಬೇಕು. ಅಂದರೆ ಈ ಹಂಗಾಮಿನಲ್ಲಿ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಹೀಗಿರುವಾಗ ಮನುಷ್ಯ ಏನು ಮಾಡಬೇಕು? ಮೋಡ ಚೆನ್ನಾಗಿರುವ ಭಾನುವಾರ ಹತ್ತಿ ಹೊರಡಬೇಕು. ಭಾವ ಏನು ಮಾಡಿದರು? ಕೈಯಲ್ಲಿ ಹಿಡಿಯುವ ಯಂತ್ರ ಯಾವುದಿರಬೇಕು, ಅದರೊಳಗೆ ದಾರಿ ತೋರಿಸುವ ತಂತ್ರಾಂಶ ಯಾವುದಿರಬೇಕು ಅಂತ ಹುಡುಕುತ್ತ ಕೂತರು. ಕೂತರು ಅನ್ನುವುದೂ ತಪ್ಪು, ಅಂಡು ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ತಿರುಗಾಡಿದರು.

ಊಟದ ಮೇಜು ಹೋಗಿ ಅದೊಂದು ಪ್ರಯೋಗಶಾಲೆಯಾಯಿತು. ದೊಡ್ಡ ಪರದೆಯ ಫೋನ್ ಒಂದು, ಟ್ಯಾಬ್ ಒಂದು, ಕಾರಿನಲ್ಲಿ ದಾರಿ ತೋರಿಸುತ್ತಿದ್ದ ಹಳೆಯ ಡಬ್ಬಿ ಒಂದು, ಪುಸ್ತಕ ಓದಲೆಂದು ಮಾಡಿದ ಕಪ್ಪುಬಿಳುಪು ಪರದೆಯ ಯಂತ್ರ ಒಂದು. ಫೋನನ್ನು ನನ್ನ ಕಾರಿನ ಮುಂಗಾಜಿನ ಕೆಳಗೆ ನಡುಮಧ್ಯಾಹ್ನ ಇಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ನೇತುಹಾಕಿ, ಕಾಗದ ಪೆನ್ಸಿಲ್ ಹಿಡಿದು ನಿಂತರು. ನಲವತ್ತಮೂರನೇ ನಿಮಿಷಕ್ಕೆ ಫೋನು ಬಿಸಿಯಾಗಿ ತಾನೇ ಆರಿಹೋಯಿತು.

"ನೋಡಿದ್ಯಾ? ಗ್ಲೈಡರಿನ ಗಾಜಿನ ಮುಚ್ಚಳದ ಕೆಳಗೂ ಹೀಗೇ ಕಾಯುತ್ತೆ. ಮೇಲೆ ಹೀಗಾದ್ರೆ ಯಾರನ್ನ ಕೇಳ್ಲಿ?"

"ಒದ್ದೆ ಬಟ್ಟೆ ಹಾಕ್ಕೊಳ್ಳಿ ಭಾವ," ಎಂದೆ.

"ತಮಾಷೆ ಸಾಕು ಮಾರಾಯ."

ಟ್ಯಾಬಿನ ಕಥೆ ಇನ್ನೊಂದು. ಬಿಸಿಲಿನ ಝಳ ತಡೆಯುವ ಅವರ ಹೊಸ ಕನ್ನಡಕ ಹಾಕಿಕೊಂಡು ನೋಡಿದರೆ ಪರದೆ ಪೂರ್ತಿ ಕಪ್ಪು. ಅಡ್ಡ ತಿರುಗಿಸಿದರೆ ಕಾಣುತ್ತದೆ, ನೆಟ್ಟಗೆ ಹಿಡಿದರೆ ಮಾಯ. ಒಂದು ವಾರ ಕುತ್ತಿಗೆ ಓರೆ ಮಾಡಿಕೊಂಡು ಓಡಾಡಿದರು. ಕಾರಿನ ಡಬ್ಬಿಗೆ ಬ್ಯಾಟರಿ ಎರಡು ಗಂಟೆಯೂ ಬರುತ್ತಿರಲಿಲ್ಲ. ಓದುವ ಯಂತ್ರವೊಂದು ಮಾತ್ರ ಸುಡುಬಿಸಿಲಿನಲ್ಲೂ ಅಚ್ಚಾದ ಕಾಗದದ ಹಾಗೆ ಸ್ಪಷ್ಟ, ಬಿಸಿಯೂ ಆಗದು, ಚಾರ್ಜೂ ಮುಗಿಯದು. ಆದರೆ ಅದಕ್ಕೆ ತಾನೆಲ್ಲಿದ್ದೇನೆ ಅಂತ ತನಗೇ ಗೊತ್ತಾಗುವುದಿಲ್ಲ, ಜಾಗ ಹೇಳುವ ಪುಟ್ಟ ಕಡ್ಡಿಯೊಂದನ್ನು ಬೇರೆ ಸಿಕ್ಕಿಸಬೇಕು. ಚಿತ್ರ ಬದಲಾಗುವುದೂ ನಿಧಾನ.

ತಂತ್ರಾಂಶದ ಗೋಳು ಕೇಳಲೇಬೇಡಿ. ಒಂದು ಪುಕ್ಕಟೆ, ಅದರೊಳಗೆ ಮೆನುವಿನೊಳಗೊಂದು ಮೆನು, ಹೊಕ್ಕರೆ ಹೊರಗೆ ಬರುವ ದಾರಿ ಸಿಗದು. ಇನ್ನೊಂದು ನೋಡಲು ಚೆಂದ, ಆದರೆ ಬೇಕಾದ ಸಂಖ್ಯೆಯನ್ನು ಮೂಲೆಯಲ್ಲಿ ಇರುವೆಯಷ್ಟು ಸಣ್ಣದಾಗಿ ಬರೆಯುತ್ತದೆ. ಬೇಕಾದ ಸಂಖ್ಯೆಯೆಂದರೆ ಒಂದೇ: ಈಗ ಇಲ್ಲಿಂದ ನೇರವಾಗಿ ಜಾರಿದರೆ ಮೈದಾನ ತಲುಪುವ ಹೊತ್ತಿಗೆ ಎಷ್ಟು ಎತ್ತರ ಮಿಗುತ್ತದೆ? ಆ ಸಂಖ್ಯೆಯ ಮುಂದೆ ಕೂಡು ಚಿಹ್ನೆ ಇದ್ದರೆ ಮನೆ, ಕಳೆ ಚಿಹ್ನೆ ಇದ್ದರೆ ಹೊಲ. ಇಷ್ಟಕ್ಕೆ ಇಷ್ಟೆಲ್ಲ ರಾಮಾಯಣ.

ಈ ಮಧ್ಯೆ ಒಳ್ಳೊಳ್ಳೆಯ ಭಾನುವಾರಗಳು ಐದು ಬಂದು ಹೋದವು. ಆಕಾಶದಲ್ಲಿ ಹತ್ತಿಯುಂಡೆಯಂಥ ಮೋಡ ಸಾಲುಗಟ್ಟಿ ನಿಂತಿದ್ದರೆ ನಮ್ಮ ಭಾವ ನೆಲದ ಮೇಲೆ ಫೋನಿನ ಅಕ್ಷರದ ಗಾತ್ರ ಬದಲಿಸುತ್ತಿದ್ದರು. ಐದನೆಯ ಭಾನುವಾರ ನನಗೆ ತಡೆಯಲಾಗಲಿಲ್ಲ.

"ಭಾವ, ನೀವು ಹಾರ್ತೀರೋ, ಇಲ್ಲಾ ಮೊಬೈಲ್ ಅಂಗಡಿ ಇಡ್ತೀರೋ? ಒಂದು ತೀರ್ಮಾನಕ್ಕೆ ಬನ್ನಿ. ಭಯ ಆಗಿದ್ರೆ ಭಯ ಅಂತ ಹೇಳಿ, ಯಂತ್ರದ ಮೇಲೆ ಯಾಕೆ ಹಾಕ್ತೀರಿ?"

ಕ್ಲಬ್ಬಿನ ಶೆಡ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಭಾವ ಕೆಂಪಾದರು. "ಭಯ ಆಗ್ದೆ ಇನ್ನೇನು? ತಪ್ಪು ತಕ್ಕಡಿ ಇಟ್ಕೊಂಡು ವ್ಯಾಪಾರಕ್ಕೆ ಕೂರು ಅಂತೀಯಾ? ಹೋದ ಸಲ ಕಣ್ಣಂದಾಜು ನಂಬಿ ತಾನೇ ಬೇಲಿಗೆ ಹೋಗಿದ್ದು?" ಎಂದು ಎದ್ದುಹೋದರು. ನನಗೂ ಕೆಟ್ಟೆನಿಸಿತು.

ಅರವತ್ತು ತುಂಬಲು ಹನ್ನೊಂದು ದಿನವಿದೆ, ಉಳಿದದ್ದು ಒಂದೇ ಭಾನುವಾರ ಎನ್ನುವಾಗ ಅಂತೂ ತೀರ್ಮಾನವಾಯಿತು. ಓದುವ ಯಂತ್ರ ಕಣ್ಣೆದುರಿಗೆ, ಅದರಲ್ಲಿ ಪುಕ್ಕಟೆ ತಂತ್ರಾಂಶ. ಫೋನು ತೊಡೆಯ ಮೇಲೆ ಪಟ್ಟಿ ಕಟ್ಟಿ, ನೆರಳಿಗೆ ಬಟ್ಟೆ ಮುಚ್ಚಿ, ಅದರಲ್ಲಿ ಚೆಂದದ್ದು. ಎರಡು ಬೇರೆ ಯಂತ್ರ, ಎರಡು ಬೇರೆ ತಂತ್ರಾಂಶ, ಒಂದಕ್ಕೊಂದು ಸಾಕ್ಷಿ. ಎರಡರ ಮಾತೂ ಹೊಂದದಿದ್ದರೆ ಕಡಿಮೆ ಹೇಳಿದ್ದನ್ನೇ ನಂಬುವುದು, ಇದು ಅವರ ಕಾನೂನು.

ಶನಿವಾರ ಮಧ್ಯಾಹ್ನ ನನ್ನನ್ನು ಕರೆದರು. "ಫೋನಿಗೆ ಅಂಕಿಗಳನ್ನ ನಾನು ತುಂಬಿದ್ದೀನಿ. ಈ ಓದೋ ಯಂತ್ರಕ್ಕೆ ನೀನು ತುಂಬು. ಎರಡೂ ನಾನೇ ತುಂಬಿದ್ರೆ ಒಂದೇ ತಪ್ಪು ಎರಡು ಕಡೆ ಬೀಳುತ್ತೆ."

ತಕ್ಕಡಿಗೆ ಮುದ್ರೆ ಒತ್ತುವಾಗ ಅವರು ಅನುಸರಿಸುವ ಪದ್ಧತಿಯೇ ಇದು. ಒಬ್ಬರು ಕಾಗದ ನೋಡಿ ಓದುವುದು, ಇನ್ನೊಬ್ಬರು ತುಂಬುವುದು. ಆಮೇಲೆ ತುಂಬಿದವರು ಪರದೆ ನೋಡಿ ವಾಪಸ್ ಓದುವುದು, ಮೊದಲನೆಯವರು ಕಾಗದದಲ್ಲಿ ಗುರುತು ಹಾಕುವುದು. ಪಟ್ಟಿಯಲ್ಲಿ ಗ್ಲೈಡರಿನ ಜಾತಿ, ಅದರ ತೂಕ, ಮೈದಾನ ಸಮುದ್ರಮಟ್ಟದಿಂದ ಎಷ್ಟು ಮೇಲಿದೆ ಎಂಬುದು, ಹೀಗೆ ಹದಿನಾಲ್ಕು ಬಾಬತ್ತು. ಅದರಲ್ಲೊಂದು ಉಳಿಕೆ ಎತ್ತರ. ಮೈದಾನದ ಮೇಲೆ ಬರುವಾಗ ಕೊನೇಪಕ್ಷ ಇಷ್ಟು ಎತ್ತರ ಕೈಯಲ್ಲಿರಲಿ ಎಂದು ಮೊದಲೇ ಎತ್ತಿಡುವುದು. ಯಂತ್ರ ಅದನ್ನು ಕಳೆದೇ ಲೆಕ್ಕ ತೋರಿಸುತ್ತದೆ. ಭಾವನ ಕಾಗದದಲ್ಲಿ ಇನ್ನೂರು ಮೀಟರ್ ಎಂದಿತ್ತು.

ಅದಕ್ಕೆ ಮುಂಚೆ ಅಡುಗೆಮನೆಯಲ್ಲಿ ನೀರು ಕುಡಿಯಲು ಹೋದಾಗ ಅತ್ತಿಗೆ ಅಡ್ಡ ನಿಂತಿದ್ದಳು. ಕೈಯಲ್ಲಿ ಒರೆಸುವ ಬಟ್ಟೆ, ಆಗಲೇ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು.

"ನೀವು ಅದೇನೇನೋ ತುಂಬ್ತೀರಂತಲ್ಲ. ಸ್ವಲ್ಪ ಹುಷಾರಾಗಿರೋ ಹಾಗೆ ಮಾಡಿ. ಅವರಿಗೆ ಹೇಳಿದ್ರೆ ರೇಗ್ತಾರೆ. ಆ ತೋಳು ಮಳೆ ಬಂದ್ರೆ ಈಗ್ಲೂ ನೋಯುತ್ತೆ, ನನಗೆ ಮಾತ್ರ ಗೊತ್ತು."

"ನೋಡ್ಕೋತೀನಿ ಅತ್ತಿಗೆ."

ಭಾವ ಓದಿದರು: "ಉಳಿಕೆ ಎತ್ತರ ಇನ್ನೂರು." ನಾನು ನಾನೂರು ಒತ್ತಿದೆ. ಪಕ್ಕದ ಸೀಟಿನಲ್ಲಿ ಕೂತವನ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದಲ್ಲ, ಹಾಗೆ ಕೈ ಹೋಯಿತು. ವಾಪಸ್ ಓದುವಾಗ ಪರದೆಯಲ್ಲಿ ನಾನೂರು ಎಂದೇ ಇತ್ತು. "ಇನ್ನೂರು," ಎಂದು ಓದಿದೆ. ಭಾವ ಪೆನ್ಸಿಲಿನಲ್ಲಿ ಗುರುತು ಹಾಕಿದರು. ನನ್ನ ಧ್ವನಿ ಎಳ್ಳಷ್ಟೂ ನಡುಗಲಿಲ್ಲ. ಒಳ್ಳೆಯ ಕೆಲಸ ಮಾಡಿದೆ ಅಂತಲೇ ಅಂದುಕೊಂಡೆ. ಹೋಗುವಾಗ ಅತ್ತಿಗೆಗೆ ಕಣ್ಣಲ್ಲೇ ಆಯಿತು ಎಂದೆ.

ಭಾನುವಾರ ಹನ್ನೊಂದಕ್ಕೆ ವಿಂಚು ಎಳೆಯಿತು, ಭಾವ ಹೋದರು. ದಾರಿ ತ್ರಿಕೋನ, ಒಟ್ಟು ಮುನ್ನೂರ ನಾಲ್ಕು ಕಿಲೋಮೀಟರ್. ಟ್ರೇಲರ್ ಕಟ್ಟಿದ ಕಾರಿನ ಬಾಗಿಲು ತೆರೆದು, ರೇಡಿಯೊ ಹಚ್ಚಿ, ನಾನೂ ಅತ್ತಿಗೆಯೂ ಕೂತೆವು. ಒಂದೂವರೆಗೆ ಮೊದಲ ತಿರುವು ಮುಗಿಯಿತು ಎಂದರು. ಮೂರಕ್ಕೆ ಎರಡನೆಯದು. ಅತ್ತಿಗೆ ತಂದ ಊಟದ ಡಬ್ಬಿಯನ್ನು ಇಬ್ಬರೂ ತೆರೆಯಲಿಲ್ಲ. ನಾನು ಕಾರು ಸುತ್ತಿ ಬರುವುದು, ಟೈರು ಒದೆಯುವುದು, ಮತ್ತೆ ಕೂರುವುದು. ಭಾವನ ರೋಗ ನನಗೂ ಅಂಟಿತ್ತು. ಶೆಡ್ಡಿನಲ್ಲಿದ್ದ ಏಳೆಂಟು ಜನ ಒಬ್ಬೊಬ್ಬರಾಗಿ ಬಂದು ಕಾರಿನ ಸುತ್ತ ನಿಂತರು. ಗುಲಗಂಜಿ ಈ ಸಲ ಹೊಡೆದೇಬಿಟ್ಟ ಎಂದರು. ವಿಂಚು ನಡೆಸುವವರು ಆಗಲೇ ಚಪ್ಪಾಳೆಗೆ ಕೈ ಉಜ್ಜಿಕೊಳ್ಳುತ್ತಿದ್ದರು.

ನಾಲ್ಕೂ ಹತ್ತಕ್ಕೆ ರೇಡಿಯೊ ಗೊರಗುಟ್ಟಿತು. "ಇಪ್ಪತ್ತೇಳು ಕಿಲೋಮೀಟರ್ ಇದೆ. ಮುಂದೆ ಮೋಡ ಇಲ್ಲ, ಇದೇ ಕೊನೇ ಜಾರು. ಎರಡು ಯಂತ್ರ ಎರಡು ಮಾತಾಡ್ತಿವೆ. ಫೋನು ನೂರ ಹತ್ತು ಮೀಟರ್ ಮಿಗುತ್ತೆ ಅಂತಿದೆ. ಎದುರಿಗಿರೋದು ತೊಂಬತ್ತು ಕಮ್ಮಿ ಬೀಳುತ್ತೆ ಅಂತಿದೆ. ಸರಿಯಾಗಿ ಇನ್ನೂರು ವ್ಯತ್ಯಾಸ. ಯಾಕೆ?"

ಯಾಕೆ ಅಂತ ಭೂಮಿಯ ಮೇಲೆ ನನಗೊಬ್ಬನಿಗೇ ಗೊತ್ತು. ಗುಂಡಿ ಒತ್ತಿ ಒಂದು ವಾಕ್ಯ ಹೇಳಿದರೆ ಮುಗಿಯಿತು: ಭಾವ, ನಾನು ನಾನೂರು ತುಂಬಿದ್ದೀನಿ. ಆದರೆ ಸುತ್ತ ಇಡೀ ಕ್ಲಬ್ಬು ನಿಂತಿತ್ತು. ವಾಪಸ್ ಓದುವಾಗ ಸುಳ್ಳು ಓದಿದವನು ಅಂತ ಎಲ್ಲರ ಎದುರಿಗೆ ನಾನೇ ಡಂಗುರ ಹೊಡೆಯಬೇಕಿತ್ತು. ಪಕ್ಕದಲ್ಲಿ ಅತ್ತಿಗೆ, "ಏನಂತೆ? ಬರ್ತಾರಂತಾ?" ಎಂದು ನನ್ನ ತೋಳು ಅಲುಗಿಸುತ್ತಿದ್ದಳು. ಅವಳಿಗೆ ಅಂಕಿಯ ಅರ್ಥ ಗೊತ್ತಿರಲಿಲ್ಲ.

ಗುಂಡಿ ಒತ್ತಿದೆ. "ಫೋನು ನಂಬಿ ಭಾವ. ನೇರ ಬನ್ನಿ."

"ಯಾಕೆ?"

"ಸುಮ್ನೆ... ನನಗೆ ಹಾಗನ್ನಿಸುತ್ತೆ."

ಭಾವನ ಧ್ವನಿ ಬಂತು: "ಅನ್ನಿಸೋದು ಅಳತೆ ಅಲ್ಲ ಕಣಯ್ಯ. ಹಿಂದೆ ಒಂದು ಮೋಡ ಬಿಟ್ಟು ಬಂದಿದ್ದೀನಿ. ವಾಪಸ್ ಹೋಗಿ ಇನ್ನೂರು ಏರಿಕೊಂಡು ಬರ್ತೀನಿ."

ಹೇಳು, ಈಗಲಾದರೂ ಹೇಳು ಎಂದು ಒಳಗೆ ಯಾರೋ ಕಿರುಚುತ್ತಿದ್ದರು. ನಾನು ಕಲಿಯಲು ಬಂದವರಿಗೆಲ್ಲ ದಿನವಿಡೀ ಬೈಯುವವನು, ಅಡ್ಡ ಬಂದ ಲಾರಿಯವನ ಅಪ್ಪನಿಗೂ ಹೆದರದವನು, ಒಂದು ವಾಕ್ಯಕ್ಕೆ ಹೆದರಿದೆ. ಹೇಡಿ ಅಂದರೆ ನಾನೇ. ಮನಸ್ಸು ಗಟ್ಟಿ ಮಾಡಿಕೊಂಡು ಮತ್ತೆ ಗುಂಡಿ ಒತ್ತುವಷ್ಟರಲ್ಲಿ ನಾಲ್ಕು ನಿಮಿಷವಾಗಿತ್ತು. ಅಷ್ಟರಲ್ಲಿ ಅವರ ಧ್ವನಿಯೇ ಬಂತು. "ಮೋಡ ಸತ್ತಿದೆ. ಬರೀ ಇಳಿಗಾಳಿ. ಆದಷ್ಟು ಮೈದಾನದ ಕಡೆಗೇ ಜಾರಿ ಹೊಲ ನೋಡ್ಕೋತೀನಿ."

ಅತ್ತಿಗೆಯನ್ನು ಶೆಡ್ಡಿನಲ್ಲೇ ಬಿಟ್ಟು ಹೊರಟೆ. ನಾನೊಬ್ಬನೇ ಹೋಗುತ್ತೇನೆ, ಎಲ್ಲರೂ ಬಂದರೆ ಜಾಗ ಸಾಲದು ಎಂದು ಏನೋ ಬೊಗಳೆ ಬಿಟ್ಟೆ. ಮೈದಾನಕ್ಕೆ ಹನ್ನೊಂದು ಕಿಲೋಮೀಟರ್ ಇರುವಾಗ, ಕೊಯ್ಲಾದ ಹೊಲದ ನಡುವೆ, ಗೀರೂ ಬೀಳದ ಹಾಗೆ ಅಚ್ಚುಕಟ್ಟಾಗಿ ಇಳಿಸಿದ್ದರು. ಗ್ಲೈಡರಿನ ನೆರಳಲ್ಲಿ ಕೂತಿದ್ದರು. ಮೊಣಕಾಲು ಕುಣಿಯುತ್ತಿರಲಿಲ್ಲ. ಅದನ್ನು ನೋಡಿ ನನಗೆ ಅಳು ಬಂದುಬಿಟ್ಟಿತು.

"ಭಾವ, ಉಳಿಕೆ ಎತ್ತರಕ್ಕೆ ನಾನೂರು ತುಂಬಿದ್ದೆ. ಇನ್ನೂರು ಅಂತ ಸುಳ್ಳು ಓದಿದೆ. ರೇಡಿಯೊದಲ್ಲಿ ಹೇಳೋಕೆ ಆಗ್ಲಿಲ್ಲ. ತಪ್ಪಾಯ್ತು."

ಅವರು ನನ್ನನ್ನೇ ನೋಡಿದರು. ಎದ್ದು ಗ್ಲೈಡರಿನೊಳಗೆ ಬಗ್ಗಿ ಓದುವ ಯಂತ್ರ ತೆಗೆದು, ಮೆನುವಿನೊಳಗೆ ಮೆನು ಹೊಕ್ಕು, ಆ ಸಾಲನ್ನು ಕಂಡರು. ಬೈಯಲಿ ಎಂದು ಕಾದೆ. ಕೆನ್ನೆಗೆ ಬಾರಿಸಿದ್ದರೂ ತೆಗೆದುಕೊಳ್ಳುತ್ತಿದ್ದೆ.

"ಅವಳು ಹೇಳಿದ್ಲಾ?"

"ಹುಷಾರಾಗಿರೋ ಹಾಗೆ ಮಾಡಿ ಅಂದ್ರು ಅಷ್ಟೆ. ಅಂಕಿ ನನ್ನದು. ಸುಳ್ಳೂ ನನ್ನದೇ."

ಭಾವ ಕಾಗದ ತೆಗೆದು ಅದರ ಬೆನ್ನಿಗೆ ಫೋನು ಹೇಳಿದ ನೂರ ಹತ್ತು, ಅದರ ಕೆಳಗೆ ಎತ್ತಿಟ್ಟ ಇನ್ನೂರು ಬರೆದು ಕೂಡಿದರು. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಅತ್ತಿಗೆ. ಅವಳ ಗಾಬರಿಯ ಧ್ವನಿ ನನಗೂ ಕೇಳುತ್ತಿತ್ತು: ಪೆಟ್ಟಾಯಿತಾ, ಕೈ ಸರಿಯಿದೆಯಾ, ಯಾಕೆ ಬರಲಾಗಲಿಲ್ಲ?

"ಏನೂ ಆಗಿಲ್ಲ ಕಣೇ. ಗಾಳಿ ಕೈಕೊಡ್ತು," ಎಂದರು ಭಾವ. "ಯಂತ್ರ ಎಲ್ಲ ಸರಿಯಾಗೇ ಇತ್ತು. ಗಾಳಿ ಕೈಕೊಟ್ರೆ ಯಾರೇನು ಮಾಡಕ್ಕಾಗುತ್ತೆ?"

"ಹೋಗ್ಲಿ ಬಿಡಿ. ಕ್ಷೇಮವಾಗಿದ್ದೀರಲ್ಲ, ಅಷ್ಟು ಸಾಕು ನನಗೆ."

"ಹೂಂ. ಅಷ್ಟು ಸಾಕು."

ಫೋನು ಜೇಬಿಗೆ ಹಾಕಿಕೊಂಡು ರೆಕ್ಕೆಯ ಬುಡಕ್ಕೆ ಹೋದರು. ನಾನು ತುದಿ ಹಿಡಿದೆ. ಮೊಳೆ ಎಳೆದರು, ರೆಕ್ಕೆ ಕಳಚಿತು, ಟ್ರೇಲರಿಗೆ ಸೇರಿಸಿದೆವು. ಇನ್ನೊಂದನ್ನೂ ಸೇರಿಸಿದೆವು. ಹಿಡಿ, ಎತ್ತು, ಸ್ವಲ್ಪ ಎಡಕ್ಕೆ, ಇಷ್ಟು ಬಿಟ್ಟರೆ ಮಾತಿಲ್ಲ. ಕಾರು ಹತ್ತಿ ಹೊರಟೆವು. ರಸ್ತೆ ಬಳಸಿಕೊಂಡು ಹೋಗುವುದರಿಂದ ಮೈದಾನಕ್ಕೆ ಹದಿನಾರು ಕಿಲೋಮೀಟರ್. ಅರ್ಧ ದಾರಿಯಾದ ಮೇಲೆ, ಕಾಗದ ಇನ್ನೂ ಅವರ ಕೈಯಲ್ಲೇ ಇತ್ತು, ಕಿಟಕಿಯ ಕಡೆ ಮುಖ ಮಾಡಿಕೊಂಡು ಒಂದೇ ಮಾತು ಹೇಳಿದರು.

"ಮುನ್ನೂರ ಹತ್ತು ಮೀಟರ್ ಎತ್ತರದಲ್ಲಿ ಬರ್ತಿದ್ದೆ ಕಣೋ. ತಲುಪ್ತಿದ್ದೆ."

"ಹೌದು ಭಾವ, ತಲುಪ್ತಿದ್ರಿ," ಎಂದೆ. ಗೇಟಿನ ಹತ್ತಿರ ಅತ್ತಿಗೆ ನಿಂತಿದ್ದಳು, ನಗುತ್ತ ಕೈ ಬೀಸುತ್ತಿದ್ದಳು. ಭಾವ ಕಾಗದ ಮಡಿಸಿ ಜೇಬಿಗಿಟ್ಟು, ಕಿಟಕಿ ಇಳಿಸಿ, ಅವಳಿಗೆ ಕೈ ಬೀಸಿದರು.